ಬುಕಿಂಗ್ ದಿನದ ಬೆಲೆ

ಫೆಬ್ರವರಿ ೪

ಶೋರೂಮಿನ ಮಾರಾಟ ವಿಭಾಗದವರಿಗೆ,

ನಾನು ಒಂದು ಡ್ರೈವಿಂಗ್ ಶಾಲೆ ನಡೆಸುತ್ತೇನೆ. ಶಾಲೆ ಅಂದರೆ ರಸ್ತೆಗೆ ತೆರೆದ ಒಂದು ಕೋಣೆ, ಗೋಡೆಯ ಮೇಲೆ ಸಂಚಾರ ಚಿಹ್ನೆಗಳ ಪಟ, ಒಂದು ಕಾರು ಮತ್ತು ನಾನು. ಇದರಲ್ಲಿ ಕಾರಿಗೆ ವಯಸ್ಸಾಗಿದೆ ಎಂದು ಸಾರಿಗೆ ಕಚೇರಿಯವರು ತೀರ್ಮಾನಿಸಿದ್ದಾರೆ. ನನ್ನ ವಯಸ್ಸಿನ ಬಗ್ಗೆ ಸದ್ಯ ಸುಮ್ಮನಿದ್ದಾರೆ. ಹೊಸ ನಿಯಮದ ಪ್ರಕಾರ ಈ ವರ್ಷ ಮುಗಿಯುವುದರೊಳಗೆ ಹೊಸ ಕಾರು ತರದಿದ್ದರೆ ಶಾಲೆಯ ಪರವಾನಗಿ ರದ್ದಾಗುತ್ತದೆ.

ಕಲಿಸುವವರ ಕಾಲಿಗೂ ಬ್ರೇಕ್, ಕ್ಲಚ್ ಜೋಡಿಸಿಕೊಡುವ ಸಣ್ಣ ಕಾರು ನಿಮ್ಮ ಶೋರೂಮಿನಲ್ಲಿ ಮಾತ್ರ ಸಿಗುತ್ತದೆ ಎಂದು ತಿಳಿಯಿತು. ಇಲ್ಲದಿದ್ದರೆ ಎರಡು ಊರು ದಾಟಿ ನಿಮಗೆ ಬರೆಯುವ ಪ್ರಮೇಯ ಬರುತ್ತಿರಲಿಲ್ಲ. ಬೆಲೆ ತಿಳಿಸಿ. ಉತ್ತರವನ್ನು ನಿಮ್ಮಲ್ಲಿ ಯಾರು ಬೇಕಾದರೂ ಬರೆಯಬಹುದು. ಇಂಥವರೇ ಬರೆಯಬೇಕು ಎಂಬ ಆಗ್ರಹ ನನಗಿಲ್ಲ, ಇಂಥವರು ಬರೆಯಬಾರದು ಎಂದೂ ಇಲ್ಲ.

ಫೋನ್ ಮಾಡಬೇಡಿ. ಫೋನಿನಲ್ಲಿ ಮಾತು ಬೇಗ ಜಗಳವಾಗುತ್ತದೆ.

ಇತಿ,
ಡ್ರೈವಿಂಗ್ ಶಾಲೆಯ ಮಾಲಕಿ


ಫೆಬ್ರವರಿ ೧೨

ಮಾನ್ಯ ಮೇಡಂ ಅವರಿಗೆ,

ತಮ್ಮ ಪತ್ರ ತಲುಪಿತು. ಲಕೋಟೆಯ ಮೇಲಿನ ಅಕ್ಷರ ನೋಡಿ, ಇದಕ್ಕೆ ನಾನೇ ಉತ್ತರ ಬರೆಯುತ್ತೇನೆ ಎಂದು ಸಹೋದ್ಯೋಗಿಗಳಿಗೆ ಹೇಳಿದೆ. ಅವರು ಸಂತೋಷದಿಂದ ಒಪ್ಪಿದರು. ಪತ್ರ ಬರೆಯುವುದು ಇಲ್ಲಿ ಯಾರಿಗೂ ರೂಢಿಯಿಲ್ಲ.

ಬೆಲೆಪಟ್ಟಿ ಲಗತ್ತಿಸಿದ್ದೇನೆ. ಅದನ್ನು ಕೂತುಕೊಂಡು ನೋಡಬೇಕಾಗಿ ಕೋರಿಕೆ. ಈ ಮಾದರಿಯ ಬೆಲೆ ಕಳೆದ ವರ್ಷ ಎರಡು ಸಲ ಏರಿದೆ. ಏಪ್ರಿಲ್ ಹೊತ್ತಿಗೆ ಇನ್ನೊಮ್ಮೆ ಏರುವ ಸೂಚನೆ ಇದೆ.

ತಮ್ಮ ಮೊಣಕಾಲಿಗೆ ಆಪರೇಷನ್ ಆಯಿತೆಂದು ನೆಂಟರೊಬ್ಬರಿಂದ ಕೇಳಿದ್ದೆವು. ಈಗ ಹೇಗಿದೆ ಎಂದು ನಮ್ಮ ಸಂಸ್ಥೆ ವಿಚಾರಿಸುತ್ತದೆ.

ತಮ್ಮ ವಿಶ್ವಾಸಿ,
ಹಿರಿಯ ಮಾರಾಟ ಪ್ರತಿನಿಧಿ


ಮಾರ್ಚ್ ೩

ಹಿರಿಯ ಮಾರಾಟ ಪ್ರತಿನಿಧಿಯವರಿಗೆ,

ಮೊಣಕಾಲಿನ ವಿಷಯ ನಿಮ್ಮ ಸಂಸ್ಥೆಗೆ ಸಂಬಂಧಿಸಿದ್ದಲ್ಲ. ಆದರೂ ವಾಸಿಯಾಗಿದೆ.

ಬೆಲೆಪಟ್ಟಿ ನೋಡಿದೆ. ನಾನು ಮೊದಲ ಕಾರು ತಂದ ದುಡ್ಡಿಗೆ ಈಗ ನಿಮ್ಮಲ್ಲಿ ನಾಲ್ಕು ಚಕ್ರ, ಎರಡು ಸೀಟು, ಒಂದು ಹಾರ್ನ್ ಬರುತ್ತದೆ. ನಡುಬೀದಿಯಲ್ಲಿ ಸೀಟು ಹಾಕಿಕೊಂಡು ಕೂತು ಹಾರ್ನ್ ಹೊಡೆಯಬಹುದು. ಬೆಲೆಯಲ್ಲಿ ಒಂದು ಟಿವಿಯೂ ಸೇರಿದೆಯಂತೆ. ನನಗೆ ಬೇಡ. ಕಾರಿನಲ್ಲಿ ಕೂತವರು ರಸ್ತೆ ನೋಡಲಿ ಎಂದು ಗಂಟಲು ಹರಿಯುವ ತನಕ ಹೇಳುವ ಹೆಂಗಸು ನಾನು. ಹಳೆಯ ಕಾರು ಮಾರುವವರ ಹತ್ತಿರವೂ ಹೋಗಿ ಬಂದೆ. ಹೊಸದು ಕೊಳ್ಳಲಾಗದವರೆಲ್ಲ ಅಲ್ಲಿಗೆ ನುಗ್ಗಿ ಅಲ್ಲಿಯ ಬೆಲೆಯೂ ಮೇಲೆ ಹತ್ತಿ ಕೂತಿದೆ. ಇಷ್ಟಕ್ಕೂ ಯಾಕೆ ಏರುತ್ತಿದೆ ಎಂದು ಸುತ್ತಿ ಬಳಸದೆ ಹೇಳುವವರು ನಿಮ್ಮಲ್ಲಿ ಇದ್ದಾರೆಯೇ?

ಶಾಲೆ ಎಷ್ಟು ವರ್ಷದಿಂದ ನಡೆಯುತ್ತಿದೆ ಎಂದು ಬ್ಯಾಂಕಿನವರು ಕೇಳಿದರು. ಒಂಬತ್ತು ವರ್ಷ ಎಂದೆ. ಶುರು ಮಾಡುವಾಗ, "ಹೆಂಗಸು ಒಬ್ಬಳೇ ಡ್ರೈವಿಂಗ್ ಶಾಲೆ ನಡೆಸೋದಾ, ಆರು ತಿಂಗಳು ನಡೆದರೆ ಆಮೇಲೆ ನೋಡೋಣ" ಎಂದು ಮನೆ ತುಂಬ ನೆಂಟರ ಎದುರು ಒಬ್ಬರು ನಕ್ಕಿದ್ದರು. ಅವರು ನಿಮಗೆ ಪರಿಚಯವಿದ್ದರೆ ಈ ಲೆಕ್ಕ ತಲುಪಿಸಿ.

ಇತಿ,
ಡ್ರೈವಿಂಗ್ ಶಾಲೆಯ ಮಾಲಕಿ


ಮಾರ್ಚ್ ೧೦

ಅಕ್ಕ,

ಲೆಕ್ಕ ತಲುಪಿತು. ಅವರು ಓದಿದರು. ಎರಡು ಸಲ ಓದಿ ಮಡಿಸಿ ಜೇಬಿನಲ್ಲಿ ಇಟ್ಟುಕೊಂಡರು.

ಬೆಲೆ ಯಾಕೆ ಏರುತ್ತಿದೆ ಅಂತ ಕೇಳಿದ್ದೀಯ. ಗಿರಾಕಿಗಳಿಗೆ ಹೇಳಲು ನಮಗೆ ಕಲಿಸಿದ ಉತ್ತರ ಒಂದಿದೆ: ಉಕ್ಕು, ತೆರಿಗೆ, ಸುರಕ್ಷತೆಯ ಹೊಸ ನಿಯಮ, ಎಲ್ಲಿಂದಲೋ ಬರಬೇಕಾದ ಬಿಡಿಭಾಗ. ಇದರಲ್ಲಿ ಯಾವುದೂ ಸುಳ್ಳಲ್ಲ. ಆದರೆ ಪೂರ್ತಿ ನಿಜ ಅಂದರೆ, ಸಣ್ಣ ಕಾರು ಮಾಡುವುದರಲ್ಲಿ ಕಂಪನಿಗಳಿಗೆ ಆಸಕ್ತಿ ಹೋಗಿದೆ. ದೊಡ್ಡದೊಂದು ಮಾರಿದರೆ ಸಿಗುವ ಲಾಭ ಸಣ್ಣದು ನಾಲ್ಕು ಮಾರಿದರೂ ಸಿಗುವುದಿಲ್ಲ. ಅದಕ್ಕೇ ಸಣ್ಣದಕ್ಕೆ ಪ್ರತಿ ವರ್ಷ ಒಂದೊಂದು ಒಡವೆ ತೊಡಿಸಿ ದೊಡ್ಡದರ ಬೆಲೆ ಹಾಕುತ್ತಾರೆ. ನಾನು ಕೆಲಸಕ್ಕೆ ಸೇರಿದಾಗ ಮೇಷ್ಟ್ರುಗಳು, ನರ್ಸುಗಳು ಬಂದು ಕಾರು ಒಯ್ಯುತ್ತಿದ್ದರು. ಈಗ ಅವರು ಗಾಜಿನ ಆಚೆ ನಿಂತು ನೋಡಿ ಮುಂದೆ ಹೋಗುತ್ತಾರೆ. ಅವರ ಪೈಕಿ ನಾನೂ ಒಬ್ಬ. ದಿನವಿಡೀ ಕಾರು ಹೊಗಳಿ, ಸಂಜೆ ಎರಡು ಬಸ್ಸು ಬದಲಾಯಿಸಿ ಮನೆಗೆ ಹೋಗುತ್ತೇನೆ.

ಏಪ್ರಿಲ್‌ಗೆ ಮುಂಚೆ ಬುಕ್ ಮಾಡು. ಕಾರು ಕೈಗೆ ಬರಲು ತಿಂಗಳುಗಟ್ಟಲೆ ಹಿಡಿಯುತ್ತದೆ, ಆದರೆ ಬುಕ್ ಮಾಡಿದ ದಿನದ ಬೆಲೆಯೇ ಕೊನೆಯ ಬೆಲೆ ಎಂದು ಮ್ಯಾನೇಜರ್ ನಮಗೆಲ್ಲ ಹೇಳಿದ್ದಾರೆ. ನಾನು ನಿನಗೆ ಹೇಳುತ್ತಿದ್ದೇನೆ.

ನಿನ್ನ ಮುದ್ದು ಸೊಸೆ, ನನ್ನ ಮಗಳು, ಈಗ ಹಾಸ್ಟೆಲ್ ಸೇರಿದ್ದಾಳೆ. ಜಮೀನು ಅಳೆಯುವ ಸರ್ವೆ ಕೆಲಸ ಓದುತ್ತಿದ್ದಾಳೆ. ನಿನ್ನ ಹಾಗೇ ಯಾರ ಮಾತೂ ಕೇಳುವುದಿಲ್ಲ.

ತಮ್ಮ


ಏಪ್ರಿಲ್ ೨

ತಮ್ಮನಿಗೆ,

ಮೊದಲ ಪತ್ರದಲ್ಲಿ "ತಮ್ಮ ವಿಶ್ವಾಸಿ" ಎಂದು ಸಹಿ ಹಾಕಿದ್ದೆ. ಎರಡನೆಯದರಲ್ಲಿ ವಿಶ್ವಾಸಿ ಬಿಟ್ಟುಹೋಗಿದೆ. ಪರವಾಗಿಲ್ಲ, ಉಳಿದದ್ದು ಸಾಕು.

ಮೊನ್ನೆ ದುಡ್ಡು ಕಟ್ಟಿ ಬುಕ್ ಮಾಡಿದೆ. ನೀನು ರಜೆಯಲ್ಲಿದ್ದೆಯಂತೆ, ನಿನ್ನ ಮೇಜಿನ ಮೇಲೆ ಹಾಸ್ಟೆಲ್ ಸೇರಿದವಳ ಫೋಟೋ ನೋಡಿದೆ. ಮೂಗು ನಮ್ಮಮ್ಮನದು. ಪಾಪ.

ಮನೆಯ ಹಿಂದಿನ ಕೋಣೆಯನ್ನು ಬಾಡಿಗೆಗೆ ಕೊಟ್ಟಿದ್ದೇನೆ. ಬೆಳಗ್ಗೆ ಎಲ್ಲರಿಗಿಂತ ಮುಂಚೆ ಒಂದು ಪಾಠ ಹೆಚ್ಚಿಗೆ ಇಟ್ಟುಕೊಂಡಿದ್ದೇನೆ. ಆ ಪಾಠಕ್ಕೆ ಬರುವವಳು ಒಬ್ಬ ಹೆರಿಗೆ ನರ್ಸು. ಲೈಸೆನ್ಸ್ ಇದ್ದರೆ ಮನೆಮನೆಗೆ ಹೋಗಿ ಬಾಣಂತಿಯರನ್ನು ನೋಡುವ ಕೆಲಸ ಕೊಡುತ್ತಾರಂತೆ, ಇಲ್ಲದಿದ್ದರೆ ವಾರ್ಡಿನಲ್ಲೇ ಕೊಳೆಯಬೇಕು. ಹೆರಿಗೆ ಮಾಡಿಸುವಾಗ ನಡುಗದ ಕೈ ಗೇರ್ ಹಿಡಿದರೆ ನಡುಗುತ್ತದೆ. ನನ್ನ ಹತ್ತಿರ ಬರುವವರಲ್ಲಿ ಮುಕ್ಕಾಲು ಪಾಲು ಇಂಥವರೇ. ನಿನ್ನ ಕೈಯಲ್ಲಿ ಆಗಲ್ಲ ಎಂದು ಮನೆಯಲ್ಲಿ ಹೇಳಿಸಿಕೊಂಡು ಬಂದವರು. ಒಬ್ಬೊಬ್ಬರೂ ಗೇಟು ದಾಟಿ ತಾವೇ ಓಡಿಸಿಕೊಂಡು ಹೋಗುವಾಗ ನನಗೆ ಊಟ ಬೇಡ, ನಿದ್ದೆ ಬೇಡ ಅನ್ನಿಸುತ್ತದೆ. ಹಳೆಯ ಕಾರು ಈಗ ಎತ್ತರ ಹತ್ತುವಾಗ ಕೆಮ್ಮುತ್ತದೆ. ಹೊಸದು ಬರುವ ತನಕ ತಳ್ಳಿಕೊಂಡು ಹೋಗುತ್ತೇನೆ.

ಅಕ್ಕ


ಜುಲೈ ೧೯

ಅಕ್ಕ,

ಈ ಪತ್ರವನ್ನು ಬರೆದು ಹರಿದು, ಮತ್ತೆ ಬರೆದು ಹರಿದು, ಈಗ ಇದ್ದದ್ದು ಇದ್ದ ಹಾಗೆ ಬರೆಯುತ್ತಿದ್ದೇನೆ.

ಏಪ್ರಿಲ್ ಆದಮೇಲೆ ಬೆಲೆ ಎರಡು ಸಲ ಏರಿದೆ. ಬುಕ್ ಮಾಡಿದವರೂ ಕಾರು ಒಯ್ಯುವ ದಿನದ ಬೆಲೆಯನ್ನೇ ಕೊಡಬೇಕು ಎಂದು ಹೋದ ವಾರ ಮ್ಯಾನೇಜರ್ ಹೇಳಿದರು. ರಸೀದಿಯ ಕೆಳಗೆ ಸಣ್ಣ ಅಕ್ಷರದಲ್ಲಿ ಹಾಗೇ ಇದೆ. ಆ ಅಕ್ಷರ ಮೊದಲಿಂದಲೂ ಇತ್ತು, ಯಾರೂ ಯಾವತ್ತೂ ಅದನ್ನು ಬಳಸಿರಲಿಲ್ಲ. ನೀವೇ ತಾನೇ ನಮ್ಮ ಬಾಯಲ್ಲಿ ಹೇಳಿಸಿದ್ದು ಅಂದೆ. "ಬಾಯಿಮಾತಿಗೆ ಕೋರ್ಟಿನಲ್ಲಿ ಏನು ಬೆಲೆ? ಆಗದವರು ದುಡ್ಡು ವಾಪಸ್ ತಗೊಳ್ಳಲಿ, ಕಾಯೋರ ಸಾಲು ಉದ್ದ ಇದೆ" ಅಂದರು. ವಾಪಸ್ ತಗೊಂಡರೆ ಈ ವರ್ಷದೊಳಗೆ ನಿನಗೆ ಬೇರೆ ಕಾರು ಸಿಗುವುದಿಲ್ಲ, ಅದು ನನಗೆ ಗೊತ್ತು.

ನಾನು ಮಾತು ಕೊಟ್ಟವರು ನಿನ್ನನ್ನೂ ಸೇರಿಸಿ ಹನ್ನೊಂದು ಮನೆಯವರು. ಎಲ್ಲರಿಗೂ ಒಂದು ಮೆಸೇಜ್ ಕಳಿಸಿ ಕೈತೊಳೆದುಕೊಳ್ಳಿ ಎಂದು ಅಪ್ಪಣೆಯಾಗಿದೆ. ನಾನು ಕಳಿಸಲಿಲ್ಲ. ಸಂಜೆ ಕೆಲಸ ಮುಗಿಸಿ ಒಬ್ಬೊಬ್ಬರ ಮನೆಗೂ ಹೋಗಿ ಹೇಳುತ್ತಿದ್ದೇನೆ. ನಿನ್ನೆ ಬೇಕರಿಯವರ ಮನೆಗೆ ಹೋಗಿದ್ದೆ. ಗಂಡ ಹೆಂಡತಿ ಇಬ್ಬರಿಗೂ ಅರವತ್ತು ದಾಟಿದೆ, ಜೀವನದಲ್ಲಿ ಮೊದಲನೇ ಕಾರು. ಬೈದಿದ್ದರೆ ಚೆನ್ನಾಗಿತ್ತು. ಕುರ್ಚಿ ಎಳೆದು ಕೂರಿಸಿ, ನೀವೇನು ಮಾಡ್ತೀರಿ ಬಿಡಿ ಅಂದರು.

ತಮ್ಮ


ಜುಲೈ ೨೪

ತಮ್ಮ,

ಅವರು ಬೈಯಲಿಲ್ಲ, ನಾನೂ ಬೈಯುವುದಿಲ್ಲ. ಬೈದರೆ ನಿನಗೆ ಹಗುರವಾಗುತ್ತದೆ.

ನನಗೆ ಮೂರು ವಿಷಯ ಬೇಕು. ಶೋರೂಮಿನ ಯಜಮಾನರು ಯಾರು, ಅವರು ಅಲ್ಲಿಗೆ ಬರುವುದು ಯಾವಾಗ, ಆ ಬೇಕರಿ ಎಲ್ಲಿದೆ.

ಅಕ್ಕ


ಜುಲೈ ೨೯

ಅಕ್ಕ,

ಯಜಮಾನತಿ. ವಯಸ್ಸಾದವರು, ಕೈಯಲ್ಲಿ ಕೋಲು, ಕಿವಿ ಚುರುಕು. ಲೆಕ್ಕಪತ್ರವನ್ನು ಮನೆಯಿಂದಲೇ ನೋಡುತ್ತಾರೆ. ಆಗಸ್ಟ್ ಎರಡನೇ ಶನಿವಾರ ಬೆಳಗ್ಗೆ ಕಂಪನಿಯ ಹೊಸ ದೊಡ್ಡ ಕಾರಿನ ಅನಾವರಣ ಇದೆ, ಅದಕ್ಕೆ ಬರುತ್ತಾರೆ. ಪತ್ರಿಕೆಯವರೂ ಬರುತ್ತಾರೆ. ಬೇಕರಿ ರೈಲು ನಿಲ್ದಾಣದ ಹಿಂದಿನ ಬೀದಿಯಲ್ಲಿ, ನೀಲಿ ಬಾಗಿಲು.

ಯಾಕೆ ಕೇಳಿದೆ ಅಂತ ನಾನು ಕೇಳುವುದಿಲ್ಲ. ಗೊತ್ತಿದ್ದರೆ ಮ್ಯಾನೇಜರ್ ಎದುರು ನನ್ನ ಮುಖವೇ ಎಲ್ಲ ಹೇಳಿಬಿಡುತ್ತದೆ.

ತಮ್ಮ


ಆಗಸ್ಟ್ ೧೮

ಮುದ್ದು ಸೊಸೆಗೆ,

ನಾನು ನಿನ್ನ ಅತ್ತೆ, ನಿಮ್ಮಪ್ಪನ ಅಕ್ಕ. ನಿನ್ನನ್ನು ಕೊನೆಗೆ ನೋಡಿದಾಗ ನಿನಗೆ ಮುಂದಿನ ಎರಡು ಹಲ್ಲು ಇರಲಿಲ್ಲ. ಇಷ್ಟು ವರ್ಷ ಬಿಟ್ಟು ಈಗ ಯಾಕೆ ಬರೆಯುತ್ತಿದ್ದೇನೆ ಅಂದರೆ, ಹೋದ ಶನಿವಾರ ನಿಮ್ಮಪ್ಪ ಒಂದು ಕೆಲಸ ಮಾಡಿದ. ಅದನ್ನು ಅವನು ನಿನಗೆ ಹೇಳುವುದಿಲ್ಲ. ಹೇಳಿದರೂ ಅವನ ಭಾಗವನ್ನು ಬಿಟ್ಟು ಹೇಳುತ್ತಾನೆ.

ಬುಕ್ ಮಾಡಿದ ದಿನದ ಬೆಲೆಗೇ ಕಾರು ಕೊಡುತ್ತೇವೆ ಎಂದು ನಿಮ್ಮಪ್ಪನ ಬಾಯಲ್ಲಿ ಹನ್ನೊಂದು ಮನೆಯವರಿಗೆ ಹೇಳಿಸಿದ ಶೋರೂಮಿನವರು ಆಮೇಲೆ ಮಾತು ಬದಲಾಯಿಸಿದರು. ಆ ಹನ್ನೊಂದರಲ್ಲಿ ನಾನೂ ಒಬ್ಬಳು. ಶುಕ್ರವಾರ ಸಂಜೆ ನಾವೆಲ್ಲ ಒಂದು ಬೇಕರಿಯಲ್ಲಿ ಸೇರಿದೆವು. ಬೋರ್ಡು ಹಿಡಿದು ಕೂಗೋಣ ಅಂದರು ಒಬ್ಬರು. ನಾನು ಬೇಡ ಅಂದೆ. "ಶೋರೂಮಿಗೆ ಬಂದವರು ಏನು ಮಾಡ್ತಾರೆ? ಕಾರಲ್ಲಿ ಕೂತು ನೋಡ್ತಾರೆ. ನಾವೂ ಅಷ್ಟೇ ಮಾಡೋಣ. ಇಳಿಯೋದು ಮಾತ್ರ ಬೇಡ."

ಶನಿವಾರ ಬಾಗಿಲು ತೆರೆದ ಕೂಡಲೇ ನಾವು ಎಲ್ಲ ಗಿರಾಕಿಗಳ ಹಾಗೆ ಒಳಗೆ ಹೋದೆವು. ಸೇಲ್ಸಿನ ಹುಡುಗಿಯರು ಬನ್ನಿ ಬನ್ನಿ ಎಂದು ತಾವೇ ಬಾಗಿಲು ತೆರೆದು ಕೂರಿಸಿದರು. ಅವಳಿ ಮಕ್ಕಳ ತಂದೆತಾಯಿ ಒಂದರಲ್ಲಿ, ಹಲ್ಲಿನ ಡಾಕ್ಟರ ಹತ್ತಿರ ಕೆಲಸ ಮಾಡುವಾಕೆ ಮತ್ತು ಅವಳ ತಾಯಿ ಒಂದರಲ್ಲಿ, ಹೀಗೆ ಸಾಲಾಗಿ. ನಾನು ಬಾಗಿಲಿಗೆ ಹತ್ತಿರದ ಸಣ್ಣ ಕಾರಿನ ಸ್ಟೀರಿಂಗ್ ಹಿಂದೆ. ಬೇಕರಿಯ ದಂಪತಿ ಎಲ್ಲಿ ಹೋದರೋ ಕಾಣಲಿಲ್ಲ. ಧೈರ್ಯ ಸಾಲದೆ ಮನೆಗೆ ಹೋಗಿರಬೇಕು ಅಂದುಕೊಂಡೆ.

ಅತಿಥಿಗಳು ಬಂದರು. ಕ್ಯಾಮೆರಾದವರು ಬಂದರು. ಯಜಮಾನತಿ ಕೋಲೂರಿಕೊಂಡು ಬಂದು ಹೊಸ ಕಾರಿನ ಮೇಲೆ ಹೊದೆಸಿದ್ದ ಬಿಳಿ ಬಟ್ಟೆಯ ತುದಿ ಹಿಡಿದು ಎಳೆದರು. ಎಲ್ಲರೂ ಚಪ್ಪಾಳೆ ತಟ್ಟಿದರು. ಬಟ್ಟೆ ಜಾರಿತು. ಒಳಗೆ ಬೇಕರಿಯ ಗಂಡ ಹೆಂಡತಿ ಸೀಟ್ ಬೆಲ್ಟ್ ಹಾಕಿಕೊಂಡು, ತೊಡೆಯ ಮೇಲೆ ಚೀಲ ಇಟ್ಟುಕೊಂಡು ಕೂತಿದ್ದರು. ಚಪ್ಪಾಳೆ ಅರ್ಧಕ್ಕೆ ನಿಂತಿತು. ಆ ಹೆಂಗಸು ಮರ್ಯಾದೆಯಾಗಿ ನಮಸ್ಕಾರ ಅಂದರು.

ಆಗ ಮ್ಯಾನೇಜರಿಗೆ ಉಳಿದ ಕಾರುಗಳ ಕಡೆ ಕಣ್ಣು ಹೋಯಿತು. ಒಂದೊಂದರಲ್ಲೂ ಜನ. ಓಡಿ ಬಂದು ನಿಮ್ಮಪ್ಪನ ತೋಳು ಹಿಡಿದು, "ಇವರೆಲ್ಲ ನಿನ್ನ ಗಿರಾಕಿಗಳು. ಈಗಲೇ ಇಳಿಸು. ಇಲ್ಲದಿದ್ದರೆ ಸೋಮವಾರ ಕೆಲಸಕ್ಕೆ ಬರಬೇಡ" ಅಂದರು. ಗಾಜು ಇಳಿಸಿದ್ದೆ, ನನಗೆ ಕೇಳಿಸಿತು.

ನಿಮ್ಮಪ್ಪ ನನ್ನ ಕಾರಿನ ಹತ್ತಿರ ಬಂದ. ನಾವು ಮುಖಕ್ಕೆ ಮುಖ ಕೊಟ್ಟು ನೋಡಿ ಒಂಬತ್ತು ವರ್ಷವಾಗಿತ್ತು. ತಲೆಗೂದಲು ಹಿಂದೆ ಸರಿದಿದೆ, ಹೊಟ್ಟೆ ಮುಂದೆ ಬಂದಿದೆ. ಪಕ್ಕದ ಸೀಟಿನ ಕಡೆಯ ಬಾಗಿಲಿನ ಹಿಡಿಯ ಮೇಲೆ ಕೈಯಿಟ್ಟ. ಇಳಿ ಅನ್ನುತ್ತಾನೆ ಅಂದುಕೊಂಡೆ. ಅವನು ಬಾಗಿಲು ತೆರೆದು ನನ್ನ ಪಕ್ಕದ ಸೀಟಿನಲ್ಲಿ ಕೂತು, ಬಾಗಿಲು ಹಾಕಿಕೊಂಡು, ಬೆಲ್ಟ್ ಎಳೆದು ಸಿಕ್ಕಿಸಿಕೊಂಡ.

"ಊಟ ಆಯ್ತಾ?" ಅಂದ.

"ಬೆಳಗ್ಗೆ ಹತ್ತೂವರೆಗೆ ಯಾರಾದರೂ ಊಟ ಮಾಡ್ತಾರಾ?" ಅಂದೆ.

"ಏನೋ ಒಂದು ಕೇಳಬೇಕಿತ್ತು, ಕೇಳಿದೆ."

ಅಷ್ಟೇ ನಮ್ಮ ಮಾತು. ಒಂಬತ್ತು ವರ್ಷದ ಸಿಟ್ಟಿಗೆ ಅಷ್ಟು ಸಾಕಾಯಿತು ನೋಡು.

ಯಜಮಾನತಿ ಬಂದರು. ಗಾಜಿನಾಚೆ ನಿಂತು ಮಾತಾಡುವುದು ಅವರಿಗೆ ಸರಿಬರಲಿಲ್ಲ, ಹಿಂದಿನ ಬಾಗಿಲು ತೆಗೆಸಿ ಒಳಗೆ ಕೂತುಬಿಟ್ಟರು. ನಾವು ಯಾಕೆ ಇಳಿಯುತ್ತಿಲ್ಲ ಎಂದು ನಾನು ಹೇಳಿದೆ. ಬುಕಿಂಗ್ ದಿನದ ಬೆಲೆ ಅಂತ ಯಾರು ಹೇಳಿದ್ದು ಎಂದು ಕೇಳಿದರು.

"ನಾನು" ಅಂದ ನಿಮ್ಮಪ್ಪ.

"ಯಾರು ಹೇಳಿಸಿದ್ದು?"

ಮ್ಯಾನೇಜರ್ ಹೊರಗೆ ಕಿಟಕಿಗೆ ಬಗ್ಗಿ ನಿಂತಿದ್ದರು. ನಿಮ್ಮಪ್ಪ ಅವರ ಕಡೆ ನೋಡಲೂ ಇಲ್ಲ. "ಅದನ್ನ ನೀವು ಆಮೇಲೆ ವಿಚಾರಿಸಿಕೊಳ್ಳಿ. ಹೇಳಿದ ಬಾಯಿ ನನ್ನದು. ಇವರು ನಂಬಿದ್ದು ನನ್ನನ್ನ."

"ಬೆಲೆ ನಾನು ಏರಿಸೋದಲ್ಲಮ್ಮ, ಕಂಪನಿ ಏರಿಸೋದು" ಎಂದು ಆಕೆ ನನ್ನ ಕಡೆ ತಿರುಗಿದರು. "ನಡುವಿನ ದುಡ್ಡು ನನ್ನ ಕೈಯಿಂದ ಹೋಗುತ್ತೆ."

"ಹೋಗುತ್ತೆ" ಅಂದೆ. "ನಮ್ಮಲ್ಲಿ ಮುಕ್ಕಾಲು ಜನಕ್ಕೆ ಇದು ಮೊದಲನೇ ಕಾರು. ಬೆಲೆ ಹೀಗೇ ಏರಿದರೆ ಇದೇ ಕೊನೆಯದೂ ಆಗುತ್ತೆ. ಹತ್ತು ಕಾರು ಕೊಳ್ಳೋರಿಗೆ ಮಾತು ತಪ್ಪಿದರೆ ಮುಂದಿನ ಸಲ ಸರಿಮಾಡಬಹುದು. ಜೀವನದಲ್ಲಿ ಒಂದೇ ಸಲ ಬರೋರಿಗೆ ತಪ್ಪಿದರೆ ಯಾವಾಗ ಸರಿಮಾಡ್ತೀರಿ?"

ಆಕೆ ಸಾಲಾಗಿ ಕಾರುಗಳಲ್ಲಿ ಕೂತವರನ್ನು ಒಬ್ಬೊಬ್ಬರಾಗಿ ನೋಡಿದರು. ಆಮೇಲೆ ಕೋಲಿನಿಂದ ಬಾಗಿಲು ತಳ್ಳಿ ಇಳಿದು, ಕ್ಯಾಮೆರಾದವರಿಗೂ ಕೇಳಿಸುವ ಹಾಗೆ ಹೇಳಿದರು: "ಹನ್ನೊಂದು ಕಾರೂ ಬುಕಿಂಗ್ ದಿನದ ಬೆಲೆಗೇ. ಬೀಗದ ಕೈ ಕೊಡೋದು ಮಾತು ಕೊಟ್ಟವರೇ." ಮ್ಯಾನೇಜರಿಗೆ ಮಾತ್ರ, "ನೀವು ಮಧ್ಯಾಹ್ನ ಮನೆಗೆ ಬನ್ನಿ" ಅಂದರು.

ಕಾರುಗಳ ಬಾಗಿಲು ಒಂದೊಂದಾಗಿ ತೆರೆಯಿತು. ಅವಳಿ ಮಕ್ಕಳು ಇಳಿಯಲು ಒಪ್ಪದೆ ರಂಪ ಮಾಡಿದವು. ನಿಮ್ಮಪ್ಪ ಇನ್ನೂ ಬೆಲ್ಟ್ ಬಿಚ್ಚಿರಲಿಲ್ಲ. ನಾನು ಬಿಚ್ಚಿದೆ.

ನಿನ್ನ ಅತ್ತೆ


ಆಗಸ್ಟ್ ೨೫

ಅತ್ತೆ,

ನಿಮ್ಮ ಪತ್ರವನ್ನು ಹಾಸ್ಟೆಲ್ಲಿನ ಗೆಳತಿಯರು ನನ್ನಿಂದ ಜೋರಾಗಿ ಓದಿಸಿದರು, ಎರಡು ಸಲ. ಅಪ್ಪನಿಗೆ ಫೋನ್ ಮಾಡಿ ಶನಿವಾರ ಏನಾಯ್ತು ಅಂತ ಕೇಳಿದೆ. "ಏನಿಲ್ಲ, ಸ್ವಲ್ಪ ಹೊತ್ತು ಕಾರಲ್ಲಿ ಕೂತಿದ್ದೆ" ಅಂದರು. ನೀವು ಹೇಳಿದ್ದು ಸರಿ.

ರಜೆಗೆ ನಿಮ್ಮ ಹತ್ತಿರ ಕಾರು ಕಲಿಯಲು ಬರುತ್ತೇನೆ. ಕಾರು ಕೊಳ್ಳುವ ಯೋಗ ಯಾವಾಗ ಬರುತ್ತದೋ ಗೊತ್ತಿಲ್ಲ, ಓಡಿಸಲು ಬರುವುದು ಬೆಲೆ ಏರಿದರೂ ಕೈಯಲ್ಲೇ ಇರುತ್ತದಲ್ಲ.

ನಿಮ್ಮ ಸೊಸೆ


ನವೆಂಬರ್ ೬

ಅಕ್ಕ,

ಹೆರಿಗೆ ನರ್ಸು ಪಾಸಾದಳು ಅಂತ ನೀನು ಬರೆದದ್ದು ಓದಿ ನಾನು ಊರಿಗೆಲ್ಲ ಹೇಳಿಕೊಂಡು ಬಂದೆ ಅಂತ ನನ್ನ ಹೆಂಡತಿ ನಗುತ್ತಿದ್ದಾಳೆ. ಅವಳ ಲೆಕ್ಕದಲ್ಲಿ ಈಚೆಗೆ ನಾನು ಎರಡೇ ವಿಷಯ ಮಾತಾಡುವುದು, ಅಕ್ಕ ಮತ್ತು ಅಕ್ಕನ ಕಾರು. ಇಲ್ಲಿ ಹೊಸ ಮ್ಯಾನೇಜರ್ ಬಂದಿದ್ದಾರೆ. ರಸೀದಿಯಲ್ಲಿ ಬುಕಿಂಗ್ ದಿನದ ಬೆಲೆ ದಪ್ಪ ಅಕ್ಷರದಲ್ಲಿ ಮೇಲೆ ಬರುತ್ತದೆ. ಕಂಪನಿ ಬೆಲೆಯನ್ನು ಇನ್ನೊಂದು ಸಲ ಏರಿಸಿದೆ, ಅದನ್ನು ನಿಲ್ಲಿಸಲು ನಮ್ಮಿಂದ ಆಗಲಿಲ್ಲ. ಆದರೆ ಒಂದು ಬೆಲೆ ಹೇಳಿದ ಮೇಲೆ ನಾವು ಯಾರಿಗೂ ಅದನ್ನು ಏರಿಸುವುದಿಲ್ಲ.

ಕಾರು ಕೊಟ್ಟ ದಿನ ನೀನು ಎಲ್ಲರಿಗಿಂತ ಮುಂದೆ ಇದ್ದೆ. ಹಿಂದೆ ಏನೇನಾಯಿತು ಅಂತ ನಿನಗೆ ಗೊತ್ತಿಲ್ಲ. ಅದನ್ನು ಹೇಳಲೆಂದೇ ಇದನ್ನು ಬರೆಯುತ್ತಿದ್ದೇನೆ.

ಹನ್ನೊಂದು ಬೀಗದ ಕೈ ಕೊಟ್ಟಾದ ಮೇಲೂ ಯಾರೂ ಗೇಟಿನಿಂದ ಹೊರಗೆ ಹೋಗಲಿಲ್ಲ, ನೆನಪಿದೆಯಾ? ಹೊಸ ಕಾರು, ಎದುರಿಗೆ ದೊಡ್ಡ ರಸ್ತೆ, ಬಸ್ಸು, ಲಾರಿ. ಲೈಸೆನ್ಸ್ ಇದೆ, ಧೈರ್ಯ ಇಲ್ಲ. ಆಗ ನೀನು ಒಬ್ಬೊಬ್ಬರ ಕಿಟಕಿಗೂ ಹೋಗಿ, "ನನ್ನ ಹಿಂದೆ ಬನ್ನಿ, ಮುಂದಿನ ಕಾರಿನ ದೀಪ ನೋಡಿ, ಹಾರ್ನ್ ಮಾಡೋರಿಗೆ ಕಿವಿ ಕೊಡಬೇಡಿ" ಅಂದೆ. ನನ್ನನ್ನು ಕೊನೆಯ ಕಾರಿನಲ್ಲಿ ಬೇಕರಿಯವರ ಪಕ್ಕ ಕೂರಿಸಿದೆ.

ಅವರು ಸ್ಟೀರಿಂಗನ್ನು ಹಿಟ್ಟು ನಾದುವ ಹಾಗೆ ಹಿಡಿದಿದ್ದರು. ನಡೆದು ಹೋಗುವವರು ನಮ್ಮನ್ನು ದಾಟಿ ಹೋದರು. ಹಿಂದೆ ಒಂದು ಬಸ್ಸು ಬೊಬ್ಬೆ ಹೊಡೆಯುತ್ತಿತ್ತು. ಹಿಂದಿನ ಸೀಟಿನಿಂದ ಅವರ ಹೆಂಡತಿ ಗಾಜು ಇಳಿಸಿ ಆ ಡ್ರೈವರನಿಗೆ ಕೈಮಾಡಿ, ತಾಳಪ್ಪ, ಇದೇ ಮೊದಲು ಅಂದರು. ಅವನು ಹಾರ್ನ್ ನಿಲ್ಲಿಸಿದ. ನಿಲ್ಲಿಸಿದ್ದಷ್ಟೇ ಅಲ್ಲ, ಬಸ್ಸನ್ನು ರಸ್ತೆಗೆ ಅಡ್ಡ ಇಟ್ಟುಕೊಂಡು ನಮ್ಮ ಹಿಂದೆ ಯಾರೂ ನುಗ್ಗದ ಹಾಗೆ ಬಂದ. ಅಂಗಡಿಯವರು ಬಾಗಿಲಿಗೆ ಬಂದು ನಿಂತರು. ಪತ್ರಿಕೆಯಲ್ಲಿ ಓದಿದ್ದವರು ಇರಬೇಕು, ಯಾರೋ ಚಪ್ಪಾಳೆ ತಟ್ಟಿದರು, ಆಮೇಲೆ ಆ ಬದಿಯವರೆಲ್ಲ ತಟ್ಟಿದರು.

ನಾಲ್ಕು ರಸ್ತೆ ಸೇರುವಲ್ಲಿ ನೀನು ದಾಟಿದೆ, ನಿನ್ನ ಹಿಂದೆ ಆರು ಕಾರು ದಾಟಿದವು, ಸಿಗ್ನಲ್ ಕೆಂಪಾಯಿತು. ಬೇಕರಿಯವರು ಬೆವರಿಬಿಟ್ಟರು. ಪೊಲೀಸಿನವ ಬಂದು ಕಿಟಕಿಗೆ ಬಗ್ಗಿದ. ಆ ಕಡೆ ನೀನು ರಸ್ತೆ ಪಕ್ಕ ನಿಲ್ಲಿಸಿ, ಇಳಿದು, ಸೊಂಟದ ಮೇಲೆ ಕೈಯಿಟ್ಟುಕೊಂಡು ನಮಗೆ ಕಾಯುತ್ತಿದ್ದದ್ದು ಕಾಣುತ್ತಿತ್ತು.

"ಅಲ್ಲಿ ನಿಂತಿರೋರು ಯಾರು?" ಎಂದು ಕೇಳಿದ.

ನಾನು ಬಾಯಿ ತೆರೆಯುವ ಮುಂಚೆ ಹಿಂದಿನ ಸೀಟಿನಿಂದ ಬೇಕರಿಯಮ್ಮ ನನ್ನ ಭುಜ ತಟ್ಟಿ, "ಇವರ ಅಕ್ಕ" ಅಂದರು.

ಅವನು ನಿನ್ನನ್ನು ನೋಡಿದ, ನನ್ನನ್ನು ನೋಡಿದ. ಆಮೇಲೆ ನಡುರಸ್ತೆಗೆ ಹೋಗಿ ಎರಡೂ ಕೈ ಚಾಚಿ ಎಲ್ಲ ಕಡೆಯ ಗಾಡಿಗಳನ್ನೂ ನಿಲ್ಲಿಸಿದ. ಹಿಂದೆ ಉಳಿದಿದ್ದ ನಾವು ನಾಲ್ಕೂ ಕಾರಿನವರು ಒಬ್ಬರ ಹಿಂದೆ ಒಬ್ಬರು, ಒಮ್ಮೆಯೂ ಎಂಜಿನ್ ಆರಿಸದೆ, ನಿನ್ನ ಕಡೆಗೆ ಬಂದೆವು.

ನಿನ್ನ ತಮ್ಮ